ಹದಿನೈದು ಮೊಳ ಎಂದಿದ್ದ ಮೇಷ್ಟ್ರು

ಮೊನ್ನೆ ಚಿಕ್ಕಮಗಳೂರಿನಲ್ಲಿ ನಮ್ಮ ಲೆಕ್ಕದ ಮೇಷ್ಟ್ರ ಸಂತಾಪಸಭೆ ನಡೆಯಿತು. ಎದ್ದು ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ಮೇಷ್ಟ್ರು ಬದುಕಿನಲ್ಲಿ ಒಂದು ಸುಳ್ಳೂ ಹೇಳಿದವರಲ್ಲ. ಹೆಡ್‌ಮಾಸ್ತರರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು, ಶಾನುಭೋಗರು ಸಂಸ್ಕೃತ ಬೆರೆಸಿ ಹೇಳಿದರು, ಅಧ್ಯಕ್ಷತೆ ವಹಿಸಿದ್ದ ಮಲ್ಲಂದೂರು ಕಡೆಯ ಎಸ್ಟೇಟಿನ ಸಾಹುಕಾರರು ಕಣ್ಣೊರೆಸಿಕೊಂಡು ಹೇಳಿದರು. ಗಣಿತ ಓದಿದವರ ಬಾಯಲ್ಲಿ ಸುಳ್ಳು ಹುಟ್ಟುವುದೇ ಇಲ್ಲವಂತೆ.

ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಅವರು ಹೇಳಿದ್ದು ನಿಜ, ಮೇಷ್ಟ್ರು ಸುಳ್ಳು ಹೇಳಲಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಸುಳ್ಳು ಹೇಳಿದ್ದರೆ ಒಂದು ದಿನ ಹಿಡಿದು ತೋರಿಸಬಹುದಿತ್ತು. ಅವರು ಹೇಳಿದ್ದು ನಿಜವಾದ ಮಾತು, ಮತ್ತು ಆ ನಿಜದ ಅಡಿಯಲ್ಲಿ ಒಬ್ಬ ಮನುಷ್ಯನ ಜೀವಮಾನದ ಕೈಕೆಲಸ ಹೂತುಹೋಯಿತು.

ತೀರಿಕೊಂಡವರ ಬಗ್ಗೆ ಹೀಗೆ ಬರೆಯಬಾರದು ಎನ್ನುವವರು ಇಲ್ಲಿಗೇ ಪುಟ ಮಗುಚಿ ಮುಂದಿನ ಲೇಖನಕ್ಕೆ ಹೋಗಬಹುದು. ನಾನು ಅವರ ಶಿಷ್ಯ. ಎದುರು ನಿಂತು ವಾದ ಮಾಡುವುದನ್ನು ನನಗೆ ಕಲಿಸಿದವರೇ ಅವರು. ಅವರ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮರ್ಯಾದೆಗೆಂದು ಬಿಟ್ಟಿದ್ದಲ್ಲ. ಅವರು ಬರೆದ ಪುಸ್ತಕದಲ್ಲಿ ಒಬ್ಬರ ಹೆಸರು ಇರಬೇಕಿತ್ತು, ಇಲ್ಲ. ಅವರು ಬಿಟ್ಟರು, ನಾನೂ ಬಿಟ್ಟಿದ್ದೇನೆ.

ಮೇಷ್ಟ್ರು ಎಂದರೆ ಮೊದಲು ಕಣ್ಣಿಗೆ ಬರುವುದು ಅವರ ಕೊಡೆ. ಅಂಗಡಿಯಿಂದ ತಂದ ದಿನವೇ ಅದರ ತುದಿಯನ್ನು ಅರದಿಂದ ಉಜ್ಜಿಸಿ ಸರಿಯಾಗಿ ಮೂರು ಅಡಿಗೆ ತಂದಿದ್ದರು. ನಡೆಯುವಾಗ ಅದು ಊರುಗೋಲು, ಯಾರದಾದರೂ ಮನೆಯ ಮುಂದೆ ನಿಂತರೆ ಅಳತೆಗೋಲು. ಎಷ್ಟೋ ಸಲ ಜಡಿಮಳೆಯಲ್ಲಿ ಕೊಡೆ ಮುಚ್ಚಿ, ಅದನ್ನು ಯಾರದೋ ಬಾಗಿಲುವಾಡಕ್ಕೆ ಒತ್ತಿ ಹಿಡಿದು, ತಾವು ತೊಯ್ಯುತ್ತ ನಿಂತದ್ದನ್ನು ಊರೆಲ್ಲ ನೋಡಿದೆ. ಒಳಗಿನಿಂದ ಮನೆಯವರು "ಯಾರದು?" ಎಂದರೆ, "ನಾನೇ. ಎರಡಕ್ಕೆ ಒಂದು ಸರಿಯಾಗಿ ಬಂತು" ಎಂದು ಉತ್ತರ ಕೊಟ್ಟು ಮುಂದೆ ಹೋಗುವರು. ಬಾಗಿಲಿನ ಎತ್ತರಕ್ಕೂ ಅಗಲಕ್ಕೂ ಇರುವ ಸಂಬಂಧ ಅದು. ಮನೆಯವರಿಗೆ ಏನೂ ಅರ್ಥವಾಗುತ್ತಿರಲಿಲ್ಲ.

ಮೇಷ್ಟ್ರ ಹೆಂಡತಿ ನಮಗೆ ಕಾಫಿ ಕೊಡುತ್ತ ಹೇಳುತ್ತಿದ್ದ ಕಥೆಯೊಂದಿತ್ತು. "ಹೆಣ್ಣು ನೋಡ್ಲಿಕ್ಕೆ ಅಂತ ಬಂದವ್ರು ನನ್ನ ಮುಖ ನೋಡ್ಲೇ ಇಲ್ಲ. ನಡುಮನೆಯ ಕಂಬ ನೋಡ್ತಾ ಕೂತ್ರು. ಕಂಬ ಒಪ್ಪಿಗೆ ಆಯ್ತು, ಅದ್ರ ಜೊತೆ ನಾನೂ ಬಂದೆ." ಮೇಷ್ಟ್ರು ಇದನ್ನು ಅಲ್ಲಗಳೆಯುತ್ತಿರಲಿಲ್ಲ. "ಎಂಟು ಮೂಲೆಯ ಕಂಬ ಮಾರಾಯ, ಹುಡುಗಿ ಎಲ್ಲಿ ಬೇಕಾದ್ರೂ ಸಿಗ್ತಾಳೆ" ಎಂದು ನಗುತ್ತಿದ್ದರು.

ಕಟ್ಟಡ ಮತ್ತು ಗಣಿತ ಎರಡೂ ಒಂದೇ ವಿದ್ಯೆಯ ಎರಡು ಕೈ ಎಂಬುದು ಅವರ ಸಿದ್ಧಾಂತ. ಅದರ ಮೇಲೆ ಅವರು ಇಪ್ಪತ್ತು ವರ್ಷ ಕೆಲಸ ಮಾಡಿದರು. ರಜೆ ಬಂದರೆ ಕಳಸದ ಕಡೆಗೋ ವಸ್ತಾರೆಯ ಕಡೆಗೋ ಹೊರಟುಬಿಡುವರು. ಗುಡಿಯ ಮೆಟ್ಟಿಲು, ಮಸೀದಿಯ ಕಮಾನು, ಹಳೆಯ ಮನೆಯ ತೊಲೆ, ದೊರೆಗಳ ಬಂಗಲೆಯ ಮಾಡು, ಎಲ್ಲವನ್ನೂ ಅಳೆದು ರೂಲು ಹಾಕಿದ ನೋಟ್‌ಪುಸ್ತಕಗಳಲ್ಲಿ ಬರೆದುಕೊಳ್ಳುವರು. "ಈ ದೇಶದಲ್ಲಿ ಗಣಿತ ಉಳಿಸಿದ್ದು ಓದಿದವ್ರಲ್ಲ, ಗಾರೆ ಕಲಸಿದವ್ರು" ಎಂದು ಪಾಠದ ನಡುವೆ ಹೇಳುತ್ತಿದ್ದರು. ಇನ್ನೊಂದು ಮಾತೂ ಇತ್ತು: "ಕಾಗದದ ಮೇಲೆ ತಪ್ಪಿದ್ರೆ ರಬ್ಬರ್ ಉಂಟು. ಗೋಡೆ ತಪ್ಪಿದ್ರೆ ಎಂಥ ಉಂಟು?"

ಈ ವಿದ್ಯೆಯಲ್ಲಿ ಅವರಿಗೆ ಒಬ್ಬ ಗುರು ಇದ್ದರು. ಅವರ ಹೆಸರನ್ನು ನಾನು ಪೂರ್ತಿಯಾಗಿ ಬರೆಯುತ್ತೇನೆ: ಇಬ್ರಾಹಿಂ ಮೇಸ್ತ್ರಿ. ಮರಗೆಲಸ, ಕಲ್ಲುಕೆಲಸ ಎರಡನ್ನೂ ಬಲ್ಲ, ಮಾತು ಕಮ್ಮಿಯ ಮನುಷ್ಯ. ಕನ್ನಡದ ಅಂಕಿ ಓದಬಲ್ಲರು, ಅಕ್ಷರ ಓದಲಾರರು. ನಾವು ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ಒಂದು ಶನಿವಾರ ನಮ್ಮ ತರಗತಿಯನ್ನೇ ಅವರ ಕೆಲಸದ ಚಪ್ಪರಕ್ಕೆ ಹೊಡೆದುಕೊಂಡು ಹೋದರು. ಮೇಸ್ತ್ರಿ ಆಗ ಒಂದು ಚೌಕದ ಕಂಬವನ್ನು ಎಂಟು ಮೂಲೆ ಮಾಡುತ್ತಿದ್ದರು. ಚೌಕದ ಒಂದು ಮೂಲೆಯಿಂದ ನಟ್ಟನಡುವಿಗೆ ದಾರ ಎಳೆದರು. ಆ ದಾರವನ್ನು ಅಷ್ಟೇ ಉದ್ದಕ್ಕೆ ಹಿಡಿದು ಆ ಮೂಲೆಯ ಎರಡೂ ಅಂಚುಗಳ ಮೇಲೆ ಮಲಗಿಸಿ ಗುರುತು ಹಾಕಿದರು. ನಾಲ್ಕು ಮೂಲೆಯಿಂದಲೂ ಹಾಗೇ ಮಾಡಿದರು, ಎಂಟು ಗುರುತಾಯಿತು. ಎಂಟನ್ನೂ ಕೂಡಿಸಿದರೆ ಎಂಟು ಭುಜವೂ ಸಮ.

"ಅಂದಾಜು ಸಾರ್" ಎಂದೆ ನಾನು.

"ಅಂದಾಜಾ? ಹಾಗಾದ್ರೆ ತಪ್ಪು ಎಷ್ಟು ಹೇಳು" ಎಂದರು ಮೇಷ್ಟ್ರು. ಒಂದು ಹಲಗೆ ಎಳೆದುಕೊಂಡು ಇದ್ದಿಲಲ್ಲಿ ಸಾಧಿಸತೊಡಗಿದರು. ಅರ್ಧ ಗಂಟೆಯಲ್ಲಿ ಹಲಗೆ ತುಂಬಿತು. ತಪ್ಪು ಸೊನ್ನೆ. ಕೂದಲೆಳೆಯಷ್ಟೂ ಇಲ್ಲ.

ಮೇಸ್ತ್ರಿ ಉಳಿ ಕೆಳಗಿಟ್ಟು ಹಲಗೆ ನೋಡಿದರು. "ಇಷ್ಟೆಲ್ಲ ಬರೆದು ನೀವು ನಾನು ಹೇಳಿದ್ದಕ್ಕೇ ಬಂದ್ರಲ್ಲ ಮೇಷ್ಟ್ರೇ."

"ಅದಕ್ಕೇ ನೀವು ಗುರು, ನಾನು ಮೇಷ್ಟ್ರು" ಎಂದು ಮೇಷ್ಟ್ರು ಅವರ ಎರಡೂ ಕೈ ಹಿಡಿದುಕೊಂಡರು. ನಮ್ಮೆಲ್ಲರ ಎದುರಿಗೆ. ಮೂವತ್ತು ಹುಡುಗರು ನೋಡಿದ್ದೇವೆ.

ಆಗ ನನಗೆ ಆಯದ ಮೇಲೆ ಸಿಟ್ಟು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನೆ ಕಟ್ಟುವ ಮೊದಲು ಅದರ ಉದ್ದ ಅಗಲಗಳನ್ನು ಯಜಮಾನನ ಮೊಳದಲ್ಲಿ ಅಳೆಯುತ್ತಾರೆ. ಮೊಳ ಎಂದರೆ ಅವನ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಬೇಕು. ಉಳಿದದ್ದೇ ಆಯ. ಒಂದು ಉಳಿದರೆ ಧ್ವಜ, ಮೂರಕ್ಕೆ ಸಿಂಹ, ಐದಕ್ಕೆ ವೃಷಭ, ಏಳಕ್ಕೆ ಆನೆ, ಇವೆಲ್ಲ ಶುಭ. ಸರಿಸಂಖ್ಯೆ ಉಳಿದರೆ ಹೊಗೆ, ನಾಯಿ, ಕತ್ತೆ. ಏನೂ ಉಳಿಯದಿದ್ದರೆ ಕಾಗೆ, ಎಲ್ಲಕ್ಕಿಂತ ಕೆಟ್ಟದ್ದು.

"ಎಂಟರಿಂದ ಭಾಗಿಸಿ ಉಳಿದದ್ದು ಮನೆಯವರ ಹಣೆಬರಹ ಹೇಗಾಗ್ತದೆ ಸಾರ್? ಏಳರಿಂದ ಭಾಗಿಸಿದ್ರೆ ಬೇರೆ ಹಣೆಬರಹವಾ?" ಎಂದು ನಾನು ತರಗತಿಯಲ್ಲಿ ಎದ್ದು ನಿಂತೆ.

ಮೇಷ್ಟ್ರ ಮುಖ ಅರಳಿತು. ಎದುರು ಮಾತಾಡುವವನನ್ನು ಕಂಡರೆ ಅವರಿಗೆ ಹಬ್ಬ. "ಮುಂದಿನ ಬೆಂಚಿಗೆ ಬಾ" ಎಂದರು. "ಪೊಳ್ಳು ಮಾರಾಯ, ಸಂಶಯವೇ ಬೇಡ. ಆದ್ರೆ ಆ ಪೊಳ್ಳಿಗೋಸ್ಕರ ಓದು ಬಾರದ ಬಡಗಿ ಗುಣಾಕಾರ ಭಾಗಾಕಾರ ಕಲಿತ. ಗೋಡೆ ಏಳುವ ಮೊದಲು ಒಬ್ಬ ಕೂತು ಕ್ಷೇತ್ರಫಲ ತೆಗೀಬೇಕು ಅಂತ ಯಾವ ಸರ್ಕಾರ ಕಾನೂನು ಮಾಡಿತ್ತು? ಈ ಪೊಳ್ಳು ಮಾಡಿತ್ತು."

ಅವರು ಹುಡುಗರಾಗಿದ್ದಾಗ ಊರಿನ ಜೋಯಿಸರನ್ನು ಕೇಳಿದ್ದರಂತೆ: ಒಂಬತ್ತರಿಂದ ಯಾಕೆ ಗುಣಿಸುತ್ತೀರಿ, ಗುಣಿಸದಿದ್ದರೂ ಅಷ್ಟೇ ಉಳಿಯುತ್ತದಲ್ಲ? ಒಂಬತ್ತರಲ್ಲಿ ಎಂಟು ತೆಗೆದರೆ ಒಂದು. ಒಂದರಿಂದ ಗುಣಿಸಿದ ಹಾಗೇ ಆಯಿತು. ಜೋಯಿಸರು ತಲೆಗೆ ಮೊಟಕಿ ಕಳಿಸಿದರಂತೆ. "ಆ ಮೊಟಕೇ ನನ್ನ ಉಪನಯನ" ಎನ್ನುತ್ತಿದ್ದರು. ಶುಭವಾದ ಆಯ ಬೇಕಿದ್ದರೆ ಉದ್ದ ಅಗಲ ಎರಡೂ ಬೆಸಸಂಖ್ಯೆಯಾಗಿದ್ದರೆ ಸಾಕು, ಬೇರೆ ಲೆಕ್ಕವೇ ಬೇಡ ಎಂಬುದು ಅವರ ಪುಸ್ತಕದ ಹೆಸರುವಾಸಿಯಾದ ಪ್ರಮೇಯ. ಅದು ಅವರದಲ್ಲ. ಇಬ್ರಾಹಿಂ ಮೇಸ್ತ್ರಿಗೆ ಅವರಪ್ಪ ಹೇಳಿಕೊಟ್ಟದ್ದು: "ಎರಡೂ ಬೆಸ ಇಟ್ಕೋ, ಆಮೇಲೆ ಯಾರನ್ನೂ ಕೇಳ್ಬೇಡ." ಅದನ್ನು ಮೇಸ್ತ್ರಿ ಮೇಷ್ಟ್ರಿಗೆ ಹೇಳಿದಾಗ ನಾನು ಅಲ್ಲೇ ಕೂತಿದ್ದೆ.

ಇನ್ನು ಮಲ್ಲಂದೂರು ಕಡೆಯ ಒಂದು ಕಾಫಿ ಉಗ್ರಾಣದ, ಅಂದರೆ ಸ್ಟೋರಿನ, ವಿಷಯ.

ಸಾಹುಕಾರರ ಎಸ್ಟೇಟಿನ ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಎಸ್ಟೇಟು. ದೊರೆಯ ಕಾಫಿ ಸ್ಟೋರು ಒಳಗೆ ಇಪ್ಪತ್ತನಾಲ್ಕು ಅಡಿ ಅಗಲ. ಸಾಹುಕಾರರಿಗೂ ಅಂಥದೇ ಬೇಕಾಯಿತು, ಮೇಲೊಂದು ಅಟ್ಟದ ಸಮೇತ. ಇಬ್ರಾಹಿಂ ಮೇಸ್ತ್ರಿ ಸಾಹುಕಾರರ ತೋಳು ಅಳೆದು ಹಲಸಿನ ಮರದ ಕೋಲು ಮಾಡಿದರು. ಮೇಷ್ಟ್ರು ಆ ಕೋಲನ್ನು ತಮ್ಮ ಕೊಡೆಯ ಪಕ್ಕಕ್ಕಿಟ್ಟು "ಸರಿಯಾಗಿ ಒಂದೂವರೆ ಅಡಿ, ಕೊಡೆಯ ಅರ್ಧ" ಎಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡರು. ಹಾಗಾಗಿ ದೊರೆಯ ಇಪ್ಪತ್ತನಾಲ್ಕು ಅಡಿ ಎಂದರೆ ಸಾಹುಕಾರರ ಹದಿನಾರು ಮೊಳ.

"ಹದಿನಾರು ಸರಿಸಂಖ್ಯೆ ಸಾವ್ಕಾರ್ರೇ, ಆಮೇಲೆ ಆಯ ಅಂತ ಯಾರಾದ್ರೂ ತಕರಾರು ತೆಗೀತಾರೆ" ಎಂದು ಮೇಸ್ತ್ರಿ ಆಗಲೇ ಹೇಳಿದ್ದರು. "ದೊರೆ ಸ್ಟೋರಿಗೆ ಎಂಥ ಆಯ ಮಾರಾಯ? ನೀನು ಮರ ಕೊಯ್ಯಿ" ಎಂದರು ಸಾಹುಕಾರರು. ಮರ ಆರಬೇಕಲ್ಲ, ಆದ್ದರಿಂದ ತೊಲೆಗಳನ್ನು ಒಂದು ವರ್ಷ ಮೊದಲೇ ಕೊಯ್ದರು. ಒಳಗೆ ಹದಿನಾರು ಮೊಳ, ಎರಡು ಕಡೆಯ ಗೋಡೆ ಒಂದೊಂದು ಮೊಳ ದಪ್ಪ, ಒಟ್ಟು ಹದಿನೆಂಟು ಮೊಳದ ತೊಲೆ.

ಪಾಯ ಹಾಕುವ ದಿನ ಸಾಹುಕಾರರ ತಾಯಿ ಜೋಯಿಸರನ್ನು ಕರೆಸಿದರು. ನಾನು ಆಗ ಮೆಟ್ರಿಕ್ ಪರೀಕ್ಷೆ ಬರೆದು ಮುಗಿಸಿದ್ದೆ, ಮೇಷ್ಟ್ರ ಜೊತೆ ಹೋಗಿದ್ದೆ. ಅಳತೆಯ ಹಗ್ಗದ ಒಂದು ತುದಿ ನನ್ನ ಕೈಯಲ್ಲಿತ್ತು. ಅಲ್ಲಿ ಯಾರು ಏನು ಹೇಳಿದರು ಎಂಬುದಕ್ಕೆ ನಾನು ಸಾಕ್ಷಿ.

ಜೋಯಿಸರು ಬೆರಳು ಮಡಿಸಿ ಎಣಿಸಿದರು. ಅಗಲ ಹದಿನಾರು, ಉದ್ದ ನಲವತ್ತೊಂದು. "ಶೇಷ ಇಲ್ಲ. ಕಾಕಾಯ. ಕಾಗೆ ಕೂರುವ ಜಾಗ ಸಾವ್ಕಾರ್ರೇ."

ತಾಯಿ ಸೆರಗು ಬಾಯಿಗಿಟ್ಟುಕೊಂಡರು. ಸಾಹುಕಾರರು ಕೆಮ್ಮಿದರು. "ಎಂಥ ಮಾಡುದು ಮತ್ತೆ?"

"ಒಂದು ಮೊಳ ಏರಿಸಿ. ಹದಿನೇಳು ಮಾಡಿ. ಶೇಷ ಒಂದು, ಧ್ವಜಾಯ. ಅದಕ್ಕಿಂತ ಮೇಲೆ ಇಲ್ಲ."

ಮೇಸ್ತ್ರಿ ಮುಂದೆ ಬಂದರು. "ತೊಲೆ ಕೊಯ್ದಾಗಿದೆಯಲ್ಲ ಅಯ್ನೋರೇ. ಹದಿನೇಳು ಮಾಡಿದ್ರೆ ತೊಲೆ ಗೋಡೆ ಮೇಲೆ ಒಂದು ಮೊಳ ಕೂರೋ ಕಡೆ ಅರ್ಧ ಮೊಳ ಕೂರ್ತದೆ. ಗೋಡೆ ಮಣ್ಣುಗಾರೆದು."

ಆಗ ಮೇಷ್ಟ್ರು ಕೊಡೆಯ ತುದಿಯಿಂದ ಮಣ್ಣಿನ ಮೇಲೆ ಬರೆದರು. "ಹದಿನೈದು ಮಾಡಿ. ಹದಿನೈದು ನಲವತ್ತೊಂದ್ಲಿ ಆರುನೂರ ಹದಿನೈದು, ಶೇಷ ಏಳು. ಆನೆ ಬಂತು. ತೊಲೆಯಲ್ಲಿ ಒಂದು ಮೊಳ ಕೊಯ್ದು ಬಿಸಾಡಿದ್ರೆ ಮುಗೀತು."

"ಗಜಾಯವೂ ಒಳ್ಳೇದೇ" ಎಂದು ಜೋಯಿಸರು ಒಪ್ಪಿದರು. ಅಲ್ಲಿಗೆ ಆ ಸಮಸ್ಯೆ ಮುಗಿಯಬೇಕಿತ್ತು. ಗಣಿತ, ಶಾಸ್ತ್ರ, ಮರ, ಮೂರೂ ಹದಿನೈದಕ್ಕೆ ಒಪ್ಪಿದ್ದವು.

ಸಾಹುಕಾರರು ಒಪ್ಪಲಿಲ್ಲ. "ದೊರೆ ಸ್ಟೋರಿಗಿಂತ ಸಣ್ಣದಾ? ನೋಡಿದವ್ರು ಎಂಥ ಹೇಳ್ತಾರೆ? ಮೇಷ್ಟ್ರೇ, ಆ ಆನೆ ನಿಮ್ಮ ಶಾಲೆಯಲ್ಲಿ ಕಟ್ಕೊಳ್ಳಿ. ನನಗೆ ಧ್ವಜ ಇರ್ಲಿ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಕಾಲಿನಿಂದ ಮಣ್ಣಿನ ಮೇಲಿನ ಲೆಕ್ಕ ಒರೆಸಿದರು. ಆ ನಗು ನನಗೆ ಇವತ್ತಿಗೂ ಆಗಿಬರುವುದಿಲ್ಲ.

ಮೇಸ್ತ್ರಿ ನಗಲಿಲ್ಲ. ಬೇರೆ ತೊಲೆ ಕೇಳಿದರು, ಇನ್ನೊಂದು ವರ್ಷ ಕಾಯಲು ಆಗದೆಂದರು ಸಾಹುಕಾರರು. ನಡುವೆ ಕಂಬ ಕೊಡುತ್ತೇನೆಂದರು ಮೇಸ್ತ್ರಿ, ಚೀಲ ಹೊರುವವರಿಗೆ ಅಡ್ಡ ಬರುತ್ತದೆಂದರು ಸಾಹುಕಾರರು. ಕೊನೆಗೆ ಮೇಸ್ತ್ರಿ, "ಹಾಗಾದ್ರೆ ಅಟ್ಟದಲ್ಲಿ ಖಾಲಿ ಗೋಣಿ, ಬುಟ್ಟಿ ಮಾತ್ರ ಇಡಿ. ಪಾರ್ಚ್‌ಮೆಂಟ್ ಕಾಫಿ ಚೀಲ ಏರಿಸ್ಬೇಡಿ" ಎಂದರು. ಸಾಹುಕಾರರು "ಆಯ್ತು ಮಾರಾಯ, ಆಯ್ತು" ಎಂದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನಾನೇ ಎತ್ತುತ್ತೇನೆ. ಅಷ್ಟು ಗೊತ್ತಿದ್ದ ಮೇಸ್ತ್ರಿ ಯಾಕೆ ಕಟ್ಟಿದ? ಕಟ್ಟಬಾರದಿತ್ತು. ಒಪ್ಪುತ್ತೇನೆ. ಆದರೆ ಒಂದು ಷರತ್ತಿನ ಮೇಲೆ ಕಟ್ಟಿದವನ ತಪ್ಪಿಗೂ ಆ ಷರತ್ತನ್ನು ಮುರಿದವನ ತಪ್ಪಿಗೂ ಒಂದೇ ತೂಕ ಹಾಕುವವರು ತಕ್ಕಡಿ ಹಿಡಿಯಬಾರದು.

ಸ್ಟೋರು ಕಟ್ಟಿದ ಎರಡನೆಯ ವರ್ಷ ಯುದ್ಧದ ಕಾಲ. ಪೆಟ್ರೋಲು ಇಲ್ಲ, ಕಾಫಿ ಸಾಗಿಸುವ ಲಾರಿ ಬರಲಿಲ್ಲ. ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಕೆಳಗೆ ತುಂಬಿತು, ಆಮೇಲೆ ಅಟ್ಟಕ್ಕೂ ಏರಿತು, ಹೆಂಚು ಮುಟ್ಟುವ ತನಕ. ಅಟ್ಟ ಕಿರುಗುಟ್ಟುತ್ತದೆ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಎರಡು ಸಲ ಹೇಳಿದ್ದರಂತೆ. ಬೇಸಗೆಯ ಮೊದಲ ಹೂಮಳೆ ಬಂತು. ಅಂಗಳದಲ್ಲಿ ಕಾಳು ಆರಿಸುತ್ತಿದ್ದ ಹೆಂಗಸರು ಮೊರ ಎತ್ತಿಕೊಂಡು ಸ್ಟೋರಿನ ಒಳಗೆ ಓಡಿದರು. ಗೋಡೆಯ ತಲೆ ನೆನೆದು ಮಣ್ಣು ಜರಿಯಿತು, ಅರ್ಧ ಮೊಳದ ಮೇಲೆ ಕೂತಿದ್ದ ತೊಲೆ ಜಾರಿತು. ಹೂವಮ್ಮ ಎಂಬ ಹೆಂಗಸು ಅಲ್ಲೇ ಸತ್ತಳು. ಇನ್ನೊಬ್ಬಳ ಕೈ ಹೋಯಿತು. ಸಂತಾಪಸಭೆಯಲ್ಲಿ ಮೇಷ್ಟ್ರ ಆತ್ಮಕ್ಕೆ ಎರಡು ನಿಮಿಷ ಎದ್ದು ನಿಂತೆವಲ್ಲ, ಹೂವಮ್ಮನಿಗೆ ಆ ಊರಲ್ಲಿ ಯಾರೂ ಎದ್ದು ನಿಂತಿರಲಿಲ್ಲ.

ಅಮಲ್ದಾರರು ವಿಚಾರಣೆಗೆ ಬಂದರು. ಸಾಹುಕಾರರ ಹೇಳಿಕೆ ಸುಲಭದ್ದು: "ನಾನು ಹದಿನೇಳು ಮೊಳದ ಸ್ಟೋರಿಗೆ ಹೇಳಿದ್ದೆ. ಮೇಸ್ತ್ರಿ ತನ್ನ ಮೊಳದಲ್ಲಿ ಅಳೆದು ತೊಲೆ ಗಿಡ್ಡ ಕೊಯ್ದ." ಹದಿನಾರರ ಮಾತೇ ಇಲ್ಲ, ಹದಿನೈದರ ಮಾತು ಕೇಳಲೇಬೇಡಿ. ಜೋಯಿಸರು ಕಾಶಿಗೆ ಹೋಗಿದ್ದರು. ಇನ್ನುಳಿದ ದೊಡ್ಡ ಸಾಕ್ಷಿ ಮೇಷ್ಟ್ರು. ಊರಿಗೆಲ್ಲ ಅಳತೆಯಲ್ಲಿ ಕೊನೆಯ ಮಾತು ಅವರದೇ. ಇಬ್ರಾಹಿಂ ಮೇಸ್ತ್ರಿ ಅವತ್ತು ಬಿಳಿ ಟೋಪಿ ಒಗೆದು ಹಾಕಿಕೊಂಡು ಬಂದಿದ್ದರಂತೆ. ಮೇಷ್ಟ್ರು ಇದ್ದಾರೆ, ಭಯ ಇಲ್ಲ ಎಂದು ಹೆಂಡತಿಗೆ ಹೇಳಿ ಹೊರಟಿದ್ದರಂತೆ.

ಮೇಷ್ಟ್ರು ಕೊಟ್ಟ ಹೇಳಿಕೆಯ ನಕಲನ್ನು ಆಮೇಲೆ ನಾನು ಓದಿದ್ದೇನೆ. ಅಮಲ್ದಾರರು ಕೇಳಿದ್ದು: ಮೊಳ ಎನ್ನುವುದು ಎಲ್ಲರಿಗೂ ಒಂದೇ ಅಳತೆಯೇ? ಮೇಷ್ಟ್ರ ಉತ್ತರ: ಅಲ್ಲ, ಆಳಿನಿಂದ ಆಳಿಗೆ ವ್ಯತ್ಯಾಸವಿದೆ. ಆ ವ್ಯತ್ಯಾಸದಿಂದ ತೊಲೆ ಗಿಡ್ಡವಾಗುವುದು ಸಾಧ್ಯವೇ? ಗಣಿತದ ದೃಷ್ಟಿಯಿಂದ ಸಾಧ್ಯ.

ಗಣಿತದ ದೃಷ್ಟಿಯಿಂದ. ಚರ್ಚಾಸ್ಪರ್ಧೆಗಳಲ್ಲಿ ಈ ಪಟ್ಟನ್ನು ನಾನೂ ಹಾಕಿದ್ದೇನೆ, ಬಹುಮಾನವನ್ನೂ ಹೊಡೆದಿದ್ದೇನೆ. ಎದುರಿಗಿರುವ ಒಂದು ವಸ್ತುವಿನ ಬಗ್ಗೆ ಕೇಳಿದಾಗ ಎಲ್ಲ ವಸ್ತುಗಳ ಬಗ್ಗೆ ಉತ್ತರ ಕೊಡುವುದು. ಲೋಕದಲ್ಲಿ ಮೊಳಗಳು ಬೇರೆ ಬೇರೆ, ಹೌದು. ಆದರೆ ಆ ಸ್ಟೋರಿನಲ್ಲಿ ಇದ್ದದ್ದು ಒಂದೇ ಕೋಲು. ಗೋಡೆಗೂ ಅದೇ, ತೊಲೆಗೂ ಅದೇ, ಸಾಹುಕಾರರ ತೋಳಿನಿಂದಲೇ ಅಳೆದ ಕೋಲು. ಕೊಡೆಯ ಪಕ್ಕಕ್ಕಿಟ್ಟು ನೋಡಿ ಬರೆದುಕೊಂಡವರು ಮೇಷ್ಟ್ರು. ನೋಟ್‌ಪುಸ್ತಕ ಅವರ ಮನೆಯ ಮರದ ಪೆಟ್ಟಿಗೆಯಲ್ಲಿತ್ತು. ಅದನ್ನು ತನ್ನಿ ಎಂದು ಅಮಲ್ದಾರರು ಹೇಳಲಿಲ್ಲ, ತರುತ್ತೇನೆ ಎಂದು ಮೇಷ್ಟ್ರು ಹೇಳಲಿಲ್ಲ.

ಮೇಸ್ತ್ರಿಗೆ ಜೈಲಾಗಲಿಲ್ಲ. ಅಮಲ್ದಾರರು ಬೈದು ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ಗಿಡ್ಡ ಮೊಳದ ಮೇಸ್ತ್ರಿ ಎಂಬ ಹೆಸರು ಅವರಿಗಿಂತ ಮೊದಲೇ ಊರೂರು ಮುಟ್ಟಿತು. ಮಲ್ಲಂದೂರಿನಿಂದ ವಸ್ತಾರೆಯ ತನಕ ಒಂದು ಬಾಗಿಲು ಕೂರಿಸಲಿಕ್ಕೂ ಅವರನ್ನು ಕರೆಯುವವರಿಲ್ಲ.

ನಾನು ಮೈಸೂರಿನ ಕಾಲೇಜಿನಲ್ಲಿದ್ದೆ. ಸುದ್ದಿ ತಿಳಿದು ಅಮಲ್ದಾರರಿಗೆ ದೊಡ್ಡ ಕಾಗದ ಬರೆದೆ, ಉತ್ತರ ಬರಲಿಲ್ಲ. ಬಸ್ಸು ಹತ್ತಿ ಬಂದು ಎದುರಿಗೆ ನಿಂತು ಹೇಳಬಹುದಿತ್ತು. ಪರೀಕ್ಷೆ ಹತ್ತಿರವಿತ್ತು, ಬರಲಿಲ್ಲ. ಮೇಷ್ಟ್ರನ್ನು ಹಿಡಿದು ಕೇಳುವ ಬಾಯಿಂದಲೇ ಈ ಮಾತನ್ನೂ ಹೇಳಿಬಿಡುವುದು ನ್ಯಾಯ.

ಮೇಷ್ಟ್ರು ಯಾಕೆ ಹಾಗೆ ಮಾಡಿದರು? ಅವರ ಪುಸ್ತಕವನ್ನು ಅಚ್ಚು ಹಾಕಿಸಿಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದವರು ಆ ಸಾಹುಕಾರರು. ಹಸ್ತಪ್ರತಿ ಆಗಲೇ ಮೈಸೂರಿನ ಮುದ್ರಣಾಲಯಕ್ಕೆ ಹೋಗಿತ್ತು. ಮೊದಲ ಪ್ರೂಫುಗಳನ್ನು ತಿದ್ದಿದವನು ನಾನೇ. ಇಪ್ಪತ್ತು ವರ್ಷದ ನಡಿಗೆ, ತೊಯ್ದ ಅಂಗಿ, ದಣಿದ ಕಣ್ಣು, ಎಲ್ಲ ಆ ಹಾಳೆಗಳಲ್ಲಿತ್ತು. ಒಂದು ಕಡೆ ಆ ಪುಸ್ತಕ, ಇನ್ನೊಂದು ಕಡೆ ಗೆಳೆಯನ ಕೋಲು. ಅವರು ಯಾವುದನ್ನೂ ಆರಿಸಲಿಲ್ಲ ಎಂದುಕೊಂಡರು, ಬರೀ ಒಂದು ಸಾಮಾನ್ಯ ಸತ್ಯ ಹೇಳಿದೆ ಎಂದುಕೊಂಡರು. ಅವರ ಜಾಗದಲ್ಲಿ ಮೂರ್ಖನಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ತಪ್ಪು ಎಷ್ಟು ಹೇಳು ಎಂದು ಹಲಗೆ ತುಂಬ ಲೆಕ್ಕ ಮಾಡಿ ಕೂದಲೆಳೆ ಹುಡುಕಿದವರು, ಅರ್ಧ ಮೊಳವನ್ನು ನುಂಗಿಬಿಟ್ಟರು.

ಪುಸ್ತಕ ಹೊರಬಂತು. ಚೆನ್ನಾಗಿದೆ. ಕನ್ನಡದಲ್ಲಿ ಅಂಥದು ಇನ್ನೊಂದನ್ನು ನಾನು ನೋಡಿಲ್ಲ. ಎಂಟು ಮೂಲೆಯ ಕಂಬವಿದೆ, ಮಸೀದಿಯ ಕಮಾನು ಇದೆ, ಒಂಬತ್ತು ಎಂಟರ ಕಥೆಯಿದೆ. ಅರ್ಪಣೆಯ ಪುಟದಲ್ಲಿ ಸಾಹುಕಾರರು ಇದ್ದಾರೆ. ಇಬ್ರಾಹಿಂ ಮೇಸ್ತ್ರಿ ಇರುವುದು ಒಂದೇ ಕಡೆ, "ಒಬ್ಬ ಕುಶಲಕರ್ಮಿಯಿಂದ ತಿಳಿದುಬಂದಂತೆ" ಎಂದು. ಎಲ್ಲಕ್ಕಿಂತ ಮಿಗಿಲಾಗಿ, ಮೊಳದ ವ್ಯತ್ಯಾಸಗಳ ಅಧ್ಯಾಯದ ಕೊನೆಯಲ್ಲಿ ಒಂದು ಉದಾಹರಣೆ ಇದೆ. ನಾನು ತಿದ್ದಿದ ಪ್ರೂಫಿನಲ್ಲಿ ಅದು ಇರಲಿಲ್ಲ, ಆಮೇಲೆ ಸೇರಿಸಿದ್ದು. ಮೊಳದ ಅಳತೆ ಬೇರೆಯಾದ ಕಾರಣ ಒಂದು ಕಾಫಿ ಉಗ್ರಾಣದ ತೊಲೆ ಕುಸಿದ ಪ್ರಸಂಗ ಎಂದು ಅದರ ತಲೆಬರಹ. ಅಮಲ್ದಾರರ ಮುಂದೆ "ಸಾಧ್ಯ" ಆಗಿದ್ದದ್ದು ಪುಸ್ತಕದಲ್ಲಿ "ಆಯಿತು" ಆಗಿದೆ. ಹಾಗಾದರೆ ಸುಳ್ಳೇ ಹೇಳಲಿಲ್ಲ ಎನ್ನುವ ಮಾತನ್ನೂ ನಾನು ವಾಪಸು ತೆಗೆದುಕೊಳ್ಳಬೇಕೇನೋ.

ಪುಸ್ತಕ ಬರುವ ಮೊದಲಿನ ಒಂದು ಬೆಳಗ್ಗೆಯನ್ನು ಹೇಳಿ ಮುಗಿಸುತ್ತೇನೆ. ವಿಚಾರಣೆ ಮುಗಿದ ಆ ಬೇಸಗೆಯಲ್ಲಿ ನಾನು ರಜೆಗೆಂದು ನಮ್ಮೂರು ವಸ್ತಾರೆಗೆ ಬಂದಿದ್ದೆ. ಇಬ್ರಾಹಿಂ ಮೇಸ್ತ್ರಿ ನಡೆದುಕೊಂಡು ನಮ್ಮ ಮನೆಯ ತನಕ ಬಂದರು. ಜಗಲಿಯ ಮೇಲೆ ಕೂರಲಿಲ್ಲ.

"ತಮ್ಮಾ, ಮೇಷ್ಟ್ರ ಮನೆಗೆ ಹೋಗ್ಬೇಕು. ನನ್ನ ಜೊತೆ ಬರ್ತೀಯಾ? ಬರೆದದ್ದು ಓದಿ ಹೇಳೋರು ಒಬ್ರು ಬೇಕು."

"ಜಗಳಕ್ಕಾ ಮೇಸ್ತ್ರಿ? ಬರ್ತೇನೆ."

"ಜಗಳ ಎಂಥದು. ಕಳಸದಲ್ಲಿ ಒಬ್ರು ಅಡಕೆ ಮಂಡಿ ಕಟ್ಟಿಸ್ತಾರಂತೆ. ದೊಡ್ಡ ಕೆಲ್ಸ. ಇಲ್ಲಿನ ಸುದ್ದಿ ಅವ್ರ ಕಿವಿಗೂ ಬಿದ್ದಿದೆ. ಬಲ್ಲವ್ರ ಕೈಯಿಂದ ಒಂದು ಕಾಗದ ತಂದ್ರೆ ನೋಡುವ ಅಂದಿದ್ದಾರೆ."

ಇದ್ದಿಲು ಹಾಕಿ ಓಡಿಸುವ ಬಸ್ಸಿನಲ್ಲಿ ಇಬ್ಬರೂ ಚಿಕ್ಕಮಗಳೂರು ಪೇಟೆಗೆ ಹೋದೆವು. ದಾರಿಯುದ್ದಕ್ಕೂ ನಾನು ಮೇಷ್ಟ್ರಿಗೆ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡೆ. "ನೀನು ಮಾತಾಡ್ಬೇಡ ಆಯ್ತಾ" ಎಂದು ಮೇಸ್ತ್ರಿ ಎರಡು ಸಲ ಹೇಳಿದರು. ಒಪ್ಪಿಕೊಂಡೆ.

ಮೇಷ್ಟ್ರು ಬಾಗಿಲಿಗೇ ಬಂದರು. "ಬನ್ನಿ ಸಾಬ್ರೇ, ಬನ್ನಿ" ಎಂದು ಒಳಗೆ ಕರೆದು ತಮ್ಮ ಕುರ್ಚಿಯನ್ನೇ ಕೊಟ್ಟರು. ಅವರ ಮನೆಯವರು ಕಾಫಿ ತಂದಿಟ್ಟು, ಮೇಸ್ತ್ರಿಯ ಮಕ್ಕಳ ಯೋಗಕ್ಷೇಮ ಕೇಳಿ ಒಳಗೆ ಹೋದರು. ಮೇಸ್ತ್ರಿ ಬಂದ ಕೆಲಸ ಹೇಳಿದರು. ಮೇಷ್ಟ್ರ ಮುಖದ ಮೇಲಿಂದ ಏನೋ ಇಳಿದುಹೋದ ಹಾಗಾಯಿತು. ಇಷ್ಟೇ ತಾನೆ ಎಂಬ ಹಾಗೆ. ಒಳ್ಳೆಯ ಕಾಗದ ತೆಗೆದು, ಲೇಖನಿಯನ್ನು ಮಸಿಯಲ್ಲಿ ಅದ್ದಿ, ಅವರ ಮುತ್ತಿನಂಥ ಅಕ್ಷರಗಳಲ್ಲಿ ನಿಧಾನವಾಗಿ ಬರೆದರು. ಸಹಿ ಹಾಕಿದರು. ಒತ್ತುಕಾಗದದಿಂದ ಒತ್ತಿ ಮೇಸ್ತ್ರಿಯ ಕೈಗೆ ಕೊಟ್ಟರು.

ಮೇಸ್ತ್ರಿ ಅದನ್ನು ನನಗೆ ಕೊಟ್ಟರು. "ಓದು ತಮ್ಮಾ."

ನಾನು ಗಟ್ಟಿಯಾಗಿ ಓದಿದೆ. ಈ ಕಾಗದ ತರುವವರು ನನಗೆ ಬಹಳ ವರ್ಷಗಳಿಂದ ಪರಿಚಿತರು. ದೈವಭಕ್ತರು. ದುಶ್ಚಟಗಳಿಲ್ಲದವರು. ಮಾತಿಗೆ ನಿಲ್ಲುವವರು, ಕಷ್ಟಪಟ್ಟು ದುಡಿಯುವವರು, ದೊಡ್ಡ ಸಂಸಾರಸ್ಥರು. ಇವರಿಗೆ ಸಹಾಯ ಮಾಡಿದಲ್ಲಿ ನನಗೇ ಮಾಡಿದಂತೆ ಭಾವಿಸುತ್ತೇನೆ.

ಓದಿ ಮುಗಿಸಿ ನಾನು ಮೇಷ್ಟ್ರನ್ನು ನೋಡಿದೆ. ಅವರು ಮಸಿಕುಡಿಕೆಯ ಮುಚ್ಚಳ ಹುಡುಕುತ್ತಿದ್ದರು.

ಮೇಸ್ತ್ರಿ ನಕ್ಕರು. "ಎಲ್ಲಾ ನಿಜ ಬರೆದಿದ್ದೀರಿ ಮೇಷ್ಟ್ರೇ. ಕಳಸದವ್ರು ನನಗೆ ಹೆಣ್ಣು ಕೊಡೋದಾದ್ರೆ ಇಷ್ಟು ಸಾಕಿತ್ತು. ಅವ್ರು ಕಟ್ಟಡ ಕಟ್ಟಿಸ್ತಾ ಇರೋದು."

ಮೇಷ್ಟ್ರು ನಗಲಿಲ್ಲ. ಮೇಸ್ತ್ರಿ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮೇಜಿನ ಮೇಲೆ ಮೇಷ್ಟ್ರ ಎದುರಿಗೆ ಬಿಡಿಸಿಟ್ಟರು. ಸಹಿಯ ಕೆಳಗೆ ಬಿಳಿ ಉಳಿದಿದ್ದ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ಜಾಗ ಉಂಟು. ಈ ಮೇಸ್ತ್ರಿಯ ಅಳತೆ ಸರಿ ಇತ್ತು ಅಂತ ಒಂದು ಸಾಲು ಬರೀತೀರಾ?"